ಮರಿಯಮ್ಮನಿಗೆ ಯಾರ ಕೈಯ ಹೂವು ಬೇಡ?

ಈ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಬರೀ ಸೋಮಾರಿತನ. ಇವತ್ತು ಹಟ ಮಾಡಿ ಕೂತಿದ್ದೀನಿ. 2025ರ ಸೆಪ್ಟೆಂಬರ್ 8ರಂದು ಹತ್ತಿದ ಒಂದು ಸಿಟ್ಟು ಇನ್ನೂ ಇಳಿದಿಲ್ಲ, ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಇನ್ನೊಂದು ಹಬ್ಬ ಮಾಡೋದು ನನ್ನಿಂದ ಆಗಲ್ಲ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಸೆಪ್ಟೆಂಬರ್ 8 ಅಂದರೆ ನಮ್ಮ ಕಥೋಲಿಕ ಕ್ರೈಸ್ತರಿಗೆ ಮರಿಯಮ್ಮನ ಹುಟ್ಟುಹಬ್ಬ. ಕ್ರೈಸ್ತರಲ್ಲದ ಬ್ಲಾಗಿಗ ಮಿತ್ರರೂ ಇಲ್ಲಿಗೆ ಬರ್ತೀರಲ್ಲ, ನಿಮಗೆ ಮೊದಲು ಎರಡು ಮಾತು. ನಮ್ಮ ಪಂಚಾಂಗದಲ್ಲಿ ಸಂತರ ದಿನ ಅಂದರೆ ಸಾಮಾನ್ಯವಾಗಿ ಅವರು ತೀರಿಕೊಂಡ ದಿನ. ಅವತ್ತು ಅವರು ಸ್ವರ್ಗಕ್ಕೆ ಹುಟ್ಟಿದರು ಅನ್ನೋ ಲೆಕ್ಕ. ಈ ಲೋಕಕ್ಕೆ ಹುಟ್ಟಿದ ದಿನವನ್ನು ಆಚರಿಸೋದು ಮೂವರದ್ದು ಮಾತ್ರ. ಡಿಸೆಂಬರ್ 25ಕ್ಕೆ ಯೇಸು, ಜೂನ್ 24ಕ್ಕೆ ಸ್ನಾನಿಕ ಯೊವಾನ್ನ, ಸೆಪ್ಟೆಂಬರ್ 8ಕ್ಕೆ ಮರಿಯಮ್ಮ. ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಇದೇ ಮೊಂತಿ ಫೆಸ್ತ್. ಹೊಸ ಭತ್ತದ ತೆನೆಗೆ ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ತಂದು, ಕಾಳು ಬಿಡಿಸಿ ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣುತ್ತಾರೆ. ಮಕ್ಕಳು ಒಂಬತ್ತು ದಿನ ಹೂವು ಒಯ್ದು ಹಾಕ್ತಾರೆ, ಕೊನೆಯ ದಿನ ಅವರಿಗೆ ಕಬ್ಬು ಸಿಗುತ್ತೆ. ಬೆಂಗಳೂರಲ್ಲಾದರೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಆಗಸ್ಟ್ 29ಕ್ಕೆ ಬಾವುಟ ಏರಿತು ಅಂದರೆ ಸೆಪ್ಟೆಂಬರ್ 8ರ ತೇರಿನ ತನಕ ಜಾತ್ರೆ. ಕಾವಿ ಬಟ್ಟೆ ಉಟ್ಟು ಬರೋರು, ಸೀರೆ ಉಟ್ಟ ಮರಿಯಮ್ಮ, ಮೇಣದಬತ್ತಿ, ಮಲ್ಲಿಗೆ. ಇವರಲ್ಲಿ ಎಷ್ಟೋ ಜನ ಕ್ರೈಸ್ತರೇ ಅಲ್ಲ, ಹರಕೆ ಹೊತ್ತು ಬಂದೋರು.

ಇದೆಲ್ಲ ನನಗೂ ಇಷ್ಟವೇ. ಹೂವು ಬೇಡ, ತೇರು ಬೇಡ, ಬೈಬಲ್ ಒಂದೇ ಸಾಕು ಅಂತ ಹೇಳೋ ಜಾತಿಯೋನಲ್ಲ ನಾನು. ನಮ್ಮೂರು ಹಳೇ ಮೈಸೂರು ಸೀಮೆಯ ಸಣ್ಣ ಹಳ್ಳಿ. ರಾಗಿ ಸೀಮೆ, ಭತ್ತದ ತೆನೆಯೆಲ್ಲ ನಮಗಿಲ್ಲ. ನಮ್ಮವ್ವ ಹಿತ್ತಲಿನ ಚೆಂಡುಹೂವು ಕಿತ್ತು ಮರಿಯಮ್ಮನ ಪಟಕ್ಕೆ ಹಾಕಿ, ಸಂಜೆ ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು ಜಪಸರ ಮುಗಿಸಿ, ಆಮೇಲೆ ಅನ್ನಮ್ಮ-ಜೋಕಿಮಪ್ಪನ ಕತೆ ಹೇಳೋಳು. ಆ ಕತೆ ಮುಂದೆ ಬರುತ್ತೆ, ಬರಲೇಬೇಕು.

ಈಗ ನಡೆದದ್ದು. ಈಗ ನಾನಿರೋದು ಬೆಂಗಳೂರಿನ ಒಂದು ಬಡಾವಣೆಯಲ್ಲಿ. ಧರ್ಮಕೇಂದ್ರದ ಹೆಸರು ಹೇಳಲ್ಲ, ಕೇಳಬೇಡಿ. ನಮ್ಮ ಬೀದಿಯಲ್ಲಿ ಒಬ್ಬಳು ಹೆಣ್ಣುಮಗಳಿದ್ದಾಳೆ, ಬ್ಲೌಸು ಹೊಲಿದು ಜೀವನ ಮಾಡ್ತಾಳೆ. ಅವಳಿಗೆ ಏಳು ವರ್ಷದ ಮಗಳು. ಮದುವೆ ಆಗಿರಲಿಲ್ಲ, ಆ ಮನುಷ್ಯ ಮಗು ಹುಟ್ಟೋ ಮೊದಲೇ ಊರು ಬಿಟ್ಟ. ಮಗುವಿಗೆ ಜ್ಞಾನಸ್ನಾನ ಆಗಿರೋದು ಇದೇ ದೇವಾಲಯದಲ್ಲಿ. ನೊವೆನಾದ ಒಂಬತ್ತೂ ದಿನ ಆ ಹುಡುಗಿ ಸಂಜೆ ಹೊತ್ತು ಒಂದು ಸ್ಟೀಲ್ ತಟ್ಟೆಯಲ್ಲಿ ಹೂವು ಹಿಡಿದು ಬಂದಳು. ಹಬ್ಬದ ದಿನ ಬೆಳಿಗ್ಗೆ ಬಿಳಿ ಫ್ರಾಕು ಹಾಕಿದ ಹೆಣ್ಣುಮಕ್ಕಳು ಸಾಲಾಗಿ ಬಲಿಪೀಠದ ತನಕ ಹೋಗಿ, ತೊಟ್ಟಿಲಲ್ಲಿರೋ ಬಾಲ ಮರಿಯಮ್ಮನಿಗೆ ಹೂವು ಹಾಕೋದು ಪದ್ಧತಿ. ತಾಯಿ ರಾತ್ರಿಯೆಲ್ಲ ಕೂತು ಫ್ರಾಕು ಹೊಲಿದಿದ್ದಳು. ಸಾಲು ನಿಲ್ಲಿಸೋ ಹೊತ್ತಿಗೆ ಪಾಲನಾ ಸಮಿತಿಯ ಒಬ್ಬ ಹೆಂಗಸು ಬಂದು, ತಾಯಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಬೇಜಾರು ಮಾಡ್ಕೋಬೇಡಮ್ಮ. ಮುಂದಿನ ಸಾಲಲ್ಲಿ ಬೇಡ. ಜನ ಏನಾದ್ರೂ ಅಂತಾರೆ, ಆಮೇಲೆ ನಿನಗೇ ನೋವಾಗುತ್ತೆ."

ಗಮನಿಸಿ, ಜಗಳ ಇಲ್ಲ, ಬೈಗುಳ ಇಲ್ಲ. ದನಿಯಲ್ಲಿ ಕರುಣೆಯೇ ಇತ್ತು. ಹೂವಿನ ತಟ್ಟೆ ಹಿಡಿದ ಮಗುವನ್ನು ಕರಕೊಂಡು ಅವಳು ಹಿಂದಿನ ಬೆಂಚಿಗೆ ಹೋಗಿ ಕೂತಳು. ಎರಡು ಹೆಜ್ಜೆ ಆಚೆ ನಾನು ನಿಂತಿದ್ದೆ. ನಾನೂ ಏನೂ ಮಾತಾಡಲಿಲ್ಲ. ಈ ಬರಹದಲ್ಲಿ ಬೇರೆಯವರನ್ನು ಬೈಯೋ ಮುಂಚೆ ಇದು ನಿಮಗೆ ಗೊತ್ತಿರಲಿ.

ಪೂಜೆ ಶುರುವಾಯಿತು. ಶುಭಸಂದೇಶದ ಹೊತ್ತಿಗೆ ನನ್ನ ಎದೆ ಢವಢವ ಅಂತಿತ್ತು, ಯಾಕೆಂದರೆ ಅವತ್ತಿನ ವಾಚನ ಏನು ಅಂತ ನನಗೆ ಗೊತ್ತು. ಮತ್ತಾಯನ ಮೊದಲ ಅಧ್ಯಾಯ, ಯೇಸುವಿನ ವಂಶಾವಳಿ. ಇವತ್ತಂತೂ ಆ ಮಾತುಗಳು ಈ ದೇವಾಲಯದಲ್ಲಿ ಕೇಳಿಸಲೇಬೇಕು ಅಂದುಕೊಂಡೆ. ಗುರುಗಳು ಪುಸ್ತಕ ತೆರೆದರು, ಸೀದಾ 18ನೇ ವಚನದಿಂದ ಶುರು ಮಾಡಿದರು. ಮೇಲಿನ ಹದಿನಾರು ವಚನ ಹಾರಿಹೋಯಿತು.

ಅವರದ್ದು ನಿಯಮದ ಪ್ರಕಾರ ತಪ್ಪಲ್ಲ. ಈ ಹಬ್ಬಕ್ಕೆ ಎರಡು ರೂಪ ಇವೆ. ಉದ್ದನೆಯದು 1ರಿಂದ 16, ಆಮೇಲೆ 18ರಿಂದ 23. ಚಿಕ್ಕದು ಬರೀ 18ರಿಂದ 23. ಯಾವುದನ್ನಾದರೂ ಓದಬಹುದು. ಹಾಗಾಗಿ ಎಲ್ಲರೂ ಚಿಕ್ಕದ್ದನ್ನೇ ಓದ್ತಾರೆ! ನಾನು ಬೆಂಗಳೂರಿಗೆ ಬಂದ ಮೇಲೆ ಈ ಹಬ್ಬದಲ್ಲಿ ಉದ್ದನೆಯದನ್ನು ಓದಿದ್ದು ಒಂದು ಸಲವೂ ಕೇಳಿಲ್ಲ. ಕಾರಣ ಕೇಳಿದರೆ, "ಬರೀ ಹೆಸರುಗಳು ಸರ್, ಜನಕ್ಕೆ ಬೋರಾಗುತ್ತೆ. ಟೈಮಿಲ್ಲ."

ಟೈಮಿನ ವಿಷಯಕ್ಕೆ ಬರೋಣ. ಮನೆಗೆ ಬಂದು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ, ನಿಧಾನವಾಗಿ ಆ ಹದಿನಾರು ವಚನ ಓದಿದೆ. ಎರಡೂವರೆ ನಿಮಿಷವೂ ಹಿಡಿಯಲಿಲ್ಲ. ಅವತ್ತು ಪೂಜೆಯ ಕೊನೆಗೆ ಹಬ್ಬದ ದಾನಿಗಳ ಪಟ್ಟಿ ಓದಿದರಲ್ಲ, ದೀಪಾಲಂಕಾರಕ್ಕೆ ಕೊಟ್ಟೋರು, ಪೆಂಡಾಲಿಗೆ ಕೊಟ್ಟೋರು, ಊಟಕ್ಕೆ ಕೊಟ್ಟೋರು, ಅವರ ಶ್ರೀಮತಿ ಮತ್ತು ಕುಟುಂಬದವರು... ಅದಕ್ಕೆ ಎಂಟು ನಿಮಿಷ ಹಿಡಿಯಿತು. ಒಂದು ಹೆಸರೂ ಬಿಡಲಿಲ್ಲ. ಒಂದು ಹೆಸರು ಬಿಟ್ಟಿದ್ದರೆ ಏನಾಗುತ್ತಿತ್ತು ಅನ್ನೋದು ಎಲ್ಲ ಧರ್ಮಕೇಂದ್ರದೋರಿಗೂ ಗೊತ್ತು :-)

ಹೆಸರು ಕೇಳಿದರೆ ನಮ್ಮ ಜನಕ್ಕೆ ಬೋರಾಗುತ್ತೆ ಅನ್ನೋದು ಶುದ್ಧ ಸುಳ್ಳು. ನಾನು ಚಿಕ್ಕವನಿದ್ದಾಗ ನಮ್ಮೂರ ಗೌಡರ ಮನೆಗೆ ಹೆಳವರು ಬರೋರು. ಎತ್ತಿನ ಮೇಲೆ ಕೂತು, ಗಂಟೆ ಆಡಿಸಿಕೊಂಡು ಬಂದು ಮನೆ ಮುಂದೆ ನಿಂತು ಆ ಮನೆತನದ ಮೂಲ ಎಲ್ಲಿಂದ, ಯಾರ ಮಗ ಯಾರು, ಯಾರು ಯಾವೂರಿಗೆ ಹೋಗಿ ನೆಲೆಸಿದ ಅಂತ ಪಟಪಟ ಹೇಳಿಕೊಂಡು ಹೋಗೋರು. ಗೌಡರು ಕೈಕಟ್ಟಿ ನಿಂತು ಕೇಳೋರು. ಯಾರೂ ಆಕಳಿಸಿದ್ದು ನಾನು ನೋಡಿಲ್ಲ. ಕೊನೆಗೆ ಮೊರದ ತುಂಬ ಕಾಳು ಕೊಟ್ಟು ಕಳಿಸೋರು. ತಮ್ಮವರ ಹೆಸರು ಅಂತ ಗೊತ್ತಾದರೆ ಯಾರೂ ನಿದ್ದೆ ಮಾಡಲ್ಲ. ಮತ್ತಾಯನ ಪಟ್ಟಿ ನಮ್ಮದೇ ಮನೆಯದ್ದು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ, ತೊಂದರೆ ಅಲ್ಲಿದೆ.

ಮತ್ತಾಯ ಒಂಥರಾ ಹೆಳವನೇ. ಅಬ್ರಹಾಮನಿಂದ ಹಿಡಿದು ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು ತಲೆಮಾರು ಅಂತ ಲೆಕ್ಕ ಹಾಕ್ತಾನೆ. ಕೊನೆಯ ಕಂತಿನಲ್ಲಿ ಎಣಿಸಿದರೆ ಹದಿಮೂರೇ ಸಿಗುತ್ತೆ, ಅದರ ಮೇಲೆ ಪಂಡಿತರ ಜಗಳ ಬೇರೆ. ಹೀಬ್ರೂ ಅಕ್ಷರಗಳಿಗೆ ಅಂಕಿ ಹಚ್ಚಿದರೆ ದಾವೀದನ ಹೆಸರಿಗೆ ಬರೋದೂ ಹದಿನಾಲ್ಕೇ, ಅದಕ್ಕೇ ಅವನು ಹಾಗೆ ಕಟ್ಟಿದ ಅನ್ನೋರಿದ್ದಾರೆ. ಇರಲಿ. ನನಗೆ ಬೇಕಾದ್ದು ಆ ಲೆಕ್ಕ ಅಲ್ಲ. ಇಂಥವನಿಂದ ಇಂಥವನು, ಇಂಥವನಿಂದ ಇಂಥವನು ಅಂತ ಗಂಡಸರ ಹೆಸರೇ ಸಾಲಾಗಿ ಹೋಗೋ ಆ ಪಟ್ಟಿಯಲ್ಲಿ, ಕೊನೆಗೆ ಬರೋ ಮರಿಯಮ್ಮನಿಗೆ ಮೊದಲು ನಾಲ್ಕು ಕಡೆ ಮತ್ತಾಯ ನಿಂತು ಹೆಂಗಸರನ್ನು ಕರೆತರ್ತಾನೆ. ಸಾರಾ ಇಲ್ಲ, ರೆಬೆಕ್ಕ ಇಲ್ಲ, ರಾಖೇಲ್ ಇಲ್ಲ. ಸಮಿತಿಯೋರು ಒಪ್ಪೋ ಹೆಂಗಸರು ಒಬ್ಬರೂ ಇಲ್ಲ.

ಮೊದಲನೆಯವಳು ತಾಮಾರ. ಆದಿಕಾಂಡದ 38ನೇ ಅಧ್ಯಾಯ ತೆಗೆದು ನೋಡಿ, ಭಾನುವಾರದ ಜ್ಞಾನೋಪದೇಶ ತರಗತಿಯಲ್ಲಿ ಅದನ್ನು ಯಾರೂ ಹೇಳಿಕೊಡಲ್ಲ. ಯೂದನ ಹಿರಿ ಸೊಸೆ. ಗಂಡ ಸತ್ತ. ಅವತ್ತಿನ ಪದ್ಧತಿಯಂತೆ ಮೈದುನನಿಗೆ ಕೊಟ್ಟರು, ಅವನೂ ಸತ್ತ. ಇನ್ನೊಬ್ಬ ಮೈದುನ ಇದ್ದ, ಇವನನ್ನೂ ಕಳಕೊಂಡೇನು ಅಂತ ಹೆದರಿದ ಮಾವ ಅವಳನ್ನು ತವರಿಗೆ ಸಾಗಹಾಕಿ ಸುಮ್ಮನಾದ. ಅತ್ತ ಮದುವೆಯೂ ಇಲ್ಲ, ಇತ್ತ ಬಿಡುಗಡೆಯೂ ಇಲ್ಲ. ಕೊನೆಗೆ ಅವಳು ಮುಸುಕು ಹಾಕಿಕೊಂಡು ದಾರಿಯಲ್ಲಿ ಕೂತಳು. ಮಾವ ಯೂದ ವೇಶ್ಯೆ ಅಂದುಕೊಂಡು ಬಂದ. ಕೊಡೋಕೆ ಕೈಯಲ್ಲಿ ಏನೂ ಇಲ್ಲದ್ದಕ್ಕೆ ತನ್ನ ಮುದ್ರೆ, ದಾರ, ಕೈಗೋಲು ಅಡ ಇಟ್ಟು ಹೋದ. ಮೂರು ತಿಂಗಳಾದ ಮೇಲೆ ಸೊಸೆ ಬಸುರಿ ಅಂತ ಸುದ್ದಿ ಬಂತು. ಅದೇ ಮಾವ, ಹೊರಗೆ ಎಳೆದು ಸುಟ್ಟುಬಿಡಿ ಅಂತ ತೀರ್ಪು ಕೊಟ್ಟ. ಅವಳು ಕೂಗಾಡಲಿಲ್ಲ. ಆ ಮುದ್ರೆ, ಕೋಲು ಕಳಿಸಿ, ಇದು ಯಾರದ್ದೋ ನೋಡಿ ಅಂದಳು. ಯೂದನಿಗೆ ಒಪ್ಪಿಕೊಳ್ಳದೆ ದಾರಿ ಇರಲಿಲ್ಲ, ತನಗಿಂತ ಅವಳೇ ನ್ಯಾಯವಂತೆ ಅಂದ. ಹುಟ್ಟಿದ ಅವಳಿಮಕ್ಕಳಲ್ಲಿ ಒಬ್ಬ ಪೆರೆಚ. ಆ ಪೆರೆಚನ ವಂಶದಲ್ಲೇ ದಾವೀದ, ಅದೇ ವಂಶದಲ್ಲಿ ಯೇಸು.

ಆಮೇಲೆ ರಾಹಾಬ. ಜೆರಿಕೋ ಊರಿನ ಕೋಟೆಗೋಡೆಗೇ ಅಂಟಿಕೊಂಡಿದ್ದ ಮನೆಯ ವೇಶ್ಯೆ. ಗೂಢಚಾರರನ್ನು ಅಟ್ಟದ ಮೇಲೆ ಅಗಸೆ ದಂಟಿನ ಕೆಳಗೆ ಬಚ್ಚಿಟ್ಟವಳು, ಕಿಟಕಿಗೆ ಕೆಂಪು ಹುರಿ ಕಟ್ಟಿ ಮನೆಯೋರನ್ನೆಲ್ಲ ಉಳಿಸಿಕೊಂಡವಳು. ಹೊಸ ಒಡಂಬಡಿಕೆಯಲ್ಲಿ ಅವಳನ್ನು ವಿಶ್ವಾಸಕ್ಕೆ ಮಾದರಿ ಅಂತ ಹೊಗಳಿದ್ದಾರೆ, ವೇಶ್ಯೆ ಅನ್ನೋ ಮಾತನ್ನು ಮಾತ್ರ ಎಲ್ಲೂ ಅಳಿಸಿಲ್ಲ.

ಮೂರನೆಯವಳು ರೂತ್, ಮೋವಾಬಿನ ವಿಧವೆ, ಹೊಲದಲ್ಲಿ ಬಿದ್ದ ತೆನೆ ಆರಿಸಿ ಅತ್ತೆಯನ್ನು ಸಾಕಿದವಳು. ಇವಳ ಚಾರಿತ್ರ್ಯದ ಬಗ್ಗೆ ಯಾರಿಗೂ ತಕರಾರಿಲ್ಲ, ತಕರಾರು ಜಾತಿಯದ್ದು. ಧರ್ಮೋಪದೇಶಕಾಂಡದ 23ನೇ ಅಧ್ಯಾಯದಲ್ಲಿ ಅಕ್ರಮ ಸಂಬಂಧಕ್ಕೆ ಹುಟ್ಟಿದವನು ಹತ್ತನೇ ತಲೆಮಾರಿನ ತನಕ ಸಭೆಗೆ ಬರಕೂಡದು ಅಂತಿದೆ, ಅದರ ಮರುವಚನದಲ್ಲೇ ಮೋವಾಬ್ಯರಿಗೂ ಹತ್ತನೇ ತಲೆಮಾರಿನ ತನಕ ಅದೇ ಬಾಗಿಲು ಬಂದ್. ನಾನು ಎಣಿಸಿದೆ. ಪೆರೆಚನನ್ನು ಒಂದು ಅಂತ ಹಿಡಿದರೆ ದಾವೀದ ಸರಿಯಾಗಿ ಹತ್ತನೆಯವನು. ಆಹಾ, ಕಾನೂನು ಸರಿಹೋಯಿತಲ್ಲ ಅನ್ನೋರು ರೂತಳ ಕಡೆಯಿಂದ ಎಣಿಸಿ ನೋಡಿ. ಅವಳ ಮಗ ಓಬೇದನಿಂದ ದಾವೀದ ಮೂರನೆಯವನು! ದೇವರೇ ಅಭಿಷೇಕ ಮಾಡಿಸಿದ ಅರಸ, ಆ ಲೆಕ್ಕದಲ್ಲಿ ಒಳಗೆ ಬರೋಕೆ ಇನ್ನೂ ಏಳು ತಲೆಮಾರು ಕಾಯಬೇಕಿತ್ತು.

ನಾಲ್ಕನೆಯವಳ ಹೆಸರನ್ನು ಮತ್ತಾಯ ಹೇಳಲ್ಲ. ಊರೀಯನ ಹೆಂಡತಿಯಾಗಿದ್ದವಳು ಅಂತಾನೆ. ಬತ್ಷೆಬ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅವನಿಗೆ ಊರೀಯನನ್ನು ನೆನಪಿಸಬೇಕಿತ್ತು, ದಾವೀದ ಹೆಂಡತಿಯನ್ನು ಕಸಿದು, ಯುದ್ಧದ ಮುಂಚೂಣಿಗೆ ತಳ್ಳಿ ಕೊಲ್ಲಿಸಿದ ಆ ಹಿತ್ತಿಯ ಸಿಪಾಯಿಯನ್ನು. ಮಹಾರಾಜನ ವಂಶಾವಳಿ ಬರೆಯುವಾಗ ಮಹಾರಾಜನ ಕೊಲೆಯನ್ನು ಅದರಲ್ಲೇ ಸೇರಿಸಿಬಿಟ್ಟ. ನಮ್ಮ ದಾನಿಗಳ ಪಟ್ಟಿಯಲ್ಲಿ ಇಂಥ ಸಾಲು ಬರುತ್ತಾ, ಯೋಚಿಸಿ.

ಐದನೆಯವಳು ಮರಿಯಮ್ಮ. ಮದುವೆ ನಿಶ್ಚಯವಾಗಿ, ಒಂದಾಗೋ ಮುಂಚೆ ಗರ್ಭಿಣಿ. ಜೋಸೆಫಪ್ಪ ಗುಟ್ಟಾಗಿ ಬಿಟ್ಟುಬಿಡೋಣ ಅಂದುಕೊಂಡ. ಅದು ಪವಿತ್ರಾತ್ಮರಿಂದ ಆದದ್ದು ಅಂತ ನಾನೂ ನಂಬ್ತೀನಿ, ಪ್ರತಿ ಭಾನುವಾರ ನಿಂತು ವಿಶ್ವಾಸ ಸಂಗ್ರಹದಲ್ಲಿ ಹೇಳ್ತೀನಿ. ಆದರೆ ನಜರೇತಿನ ನೆರೆಹೊರೆಗೆ ದೇವದೂತ ಹೋಗಿ ಹೇಳಿದ್ದನೇ? ನಜರೇತಿನಲ್ಲಿ ಒಂದು ಪಾಲನಾ ಸಮಿತಿ ಇದ್ದಿದ್ದರೆ ಅವಳನ್ನೂ ಪಕ್ಕಕ್ಕೆ ಕರೆದು, ಮುಂದಿನ ಸಾಲಲ್ಲಿ ಬೇಡಮ್ಮ ಅನ್ನುತ್ತಿತ್ತು.

ಇದು ನನ್ನ ತಲೆಹರಟೆ ವ್ಯಾಖ್ಯಾನ ಅಂತ ಕೆಲವರಿಗೆ ಅನ್ನಿಸಬಹುದು. ಆಗೋದು ಬೇಡ, ಸಂತರನ್ನೇ ಕೇಳೋಣ. ಸಂತ ಜೆರೋಮ್, ಬೈಬಲನ್ನು ಲ್ಯಾಟಿನ್ನಿಗೆ ತಂದವರು, ಬಾಯಿ ಬಹಳ ಖಾರ. ಅವರು 398ರಲ್ಲಿ ಮತ್ತಾಯನ ಮೇಲೆ ವ್ಯಾಖ್ಯಾನ ಬರೆದಾಗ ಇದನ್ನೇ ಎತ್ತಿದರು. ರಕ್ಷಕನ ವಂಶದಲ್ಲಿ ಪುಣ್ಯವತಿಯರ ಹೆಸರು ಬಿಟ್ಟು, ಶ್ರೀಗ್ರಂಥವೇ ದೂರಿದ ಹೆಂಗಸರನ್ನು ಎತ್ತಿಕೊಂಡದ್ದು ಯಾಕೆ? ಪಾಪಿಗಳಿಗಾಗಿ ಬಂದವನು ಪಾಪಿಗಳ ವಂಶದಲ್ಲೇ ಹುಟ್ಟಿ ಬಂದ, ಅದಕ್ಕೆ ಅಂತ ಅವರ ಉತ್ತರ. (ರೂತಳನ್ನೂ ಆ ಗುಂಪಿಗೆ ಸೇರಿಸಿದ್ದು ನನಗೆ ಒಪ್ಪಿಗೆ ಇಲ್ಲ. ತಾಮಾರಳನ್ನೂ. ಜೆರೋಮಪ್ಪನ ಜೊತೆ ಜಗಳ ಆಡಬಹುದು, ಅವರು ಬದುಕಿದ್ದಾಗ ಎಲ್ಲರ ಜೊತೆಗೂ ಆಡಿದ್ದರು.) ಅದಕ್ಕೆ ಸ್ವಲ್ಪ ಮುಂಚೆ, ಸುಮಾರು 390ರಲ್ಲಿ ಅಂತಿಯೋಕ್ಯದಲ್ಲಿ ಸಂತ ಜಾನ್ ಕ್ರಿಸೊಸ್ತೋಮ್ ಇದೇ ಪಟ್ಟಿಯ ಮೇಲೆ ಜನರಿಗೆ ಉಪದೇಶ ಮಾಡ್ತಾ, ಹಿರಿಯರ ಪಾಪಕ್ಕೆ ನೀವು ತಲೆ ತಗ್ಗಿಸಬೇಕಾಗಿಲ್ಲ, ಹಿರಿಯರ ಪುಣ್ಯಕ್ಕೆ ಜಂಬಪಡಬೇಕಾಗೂ ಇಲ್ಲ ಅನ್ನೋ ಅರ್ಥದ ಮಾತು ಹೇಳಿದರು. ಅಪ್ಪ-ಅಮ್ಮ ಹೇಗಿದ್ದರು ಅನ್ನೋದು ಮಗುವಿನ ಮೇಲಿನ ಕಲೆ ಅಲ್ಲ ಅಂತ ಸಾವಿರದ ಆರುನೂರು ವರ್ಷಕ್ಕೂ ಹಿಂದೆ ಪೀಠದಿಂದಲೇ ಹೇಳಿಯಾಗಿದೆ. ನಮಗೆ ಸುದ್ದಿ ಇನ್ನೂ ತಲುಪಿಲ್ಲ, ಅಷ್ಟೆ.

ಈಗ ಇನ್ನೊಂದು ಕಡೆಯ ಗೆಳೆಯರಿಗೆ. ಪ್ರೊಟೆಸ್ಟೆಂಟ್ ಮಿತ್ರರೊಬ್ಬರು ಪ್ರತಿ ವರ್ಷ ನನಗೆ ಬರೀತಾರೆ, ಮರಿಯಮ್ಮನ ಹುಟ್ಟಿನ ಬಗ್ಗೆ ಬೈಬಲಿನಲ್ಲಿ ಒಂದಕ್ಷರ ಇಲ್ಲ, ಯಾವ ಆಧಾರದ ಮೇಲೆ ಹಬ್ಬ ಮಾಡ್ತೀರಿ ಅಂತ. ಇಲ್ಲ, ನಿಜ. ಸಭೆಗೂ ಅದು ಗೊತ್ತಿತ್ತು. ಹಬ್ಬ ಶುರುವಾದದ್ದು ಪೂರ್ವದಲ್ಲಿ, ಜೆರುಸಲೇಮಿನ ಬೆತ್ಸಥಾ ಕೊಳದ ಹತ್ತಿರವೇ ಮರಿಯಮ್ಮ ಹುಟ್ಟಿದ್ದು ಅನ್ನೋ ನಂಬಿಕೆಯ ಜೊತೆಗೆ. ಈಗಲೂ ಅಲ್ಲಿ ಸಂತ ಅನ್ನಮ್ಮನ ಹೆಸರಿನ, ಹನ್ನೆರಡನೇ ಶತಮಾನದ ದೇವಾಲಯ ಇದೆ. ರೋಮಿನಲ್ಲಿ ಏಳನೇ ಶತಮಾನದ ಕೊನೆಗೆ, ಸಿರಿಯಾ ಮೂಲದ ಪೋಪ್ ಒಂದನೇ ಸೆರ್ಜಿಯಸ್ ಮರಿಯಮ್ಮನ ಹಬ್ಬಗಳಿಗೆ ಮೆರವಣಿಗೆ ಗೊತ್ತು ಮಾಡಿದರು, ಅದರಲ್ಲಿ ಇದೂ ಒಂದು. ಆ ದಿನಕ್ಕೆ ಓದೋಕೆ ಹುಟ್ಟಿನ ಕತೆ ಬೈಬಲಿನಲ್ಲಿ ಇಲ್ಲವಲ್ಲ, ಇಲ್ಲದ್ದನ್ನು ಸಭೆ ಸೃಷ್ಟಿಸಲಿಲ್ಲ. ಅವಳು ಎಲ್ಲಿಂದ ಬಂದಳು ಅನ್ನೋದಕ್ಕೆ ಈ ವಂಶಾವಳಿ ಓದಿ ಅಂತ ಗೊತ್ತು ಮಾಡಿತು. ಮೊದಲ ವಾಚನಕ್ಕೆ ಪ್ರವಾದಿ ಮೀಕನ ಪುಸ್ತಕದಿಂದ ಬೆತ್ಲೆಹೇಮಿನ ಮಾತು, ಯೂದದ ಕುಲಗಳಲ್ಲೇ ಚಿಕ್ಕದಾದ ಆ ಊರಿಂದ ಆಳುವವನು ಬರ್ತಾನೆ ಅನ್ನೋ ಭಾಗ. ಹೀಗೆ ಕಿರಿದಾದವರನ್ನೂ ಕಳಂಕ ಹೊತ್ತವರನ್ನೂ ಹುಡುಕಿ ಹುಡುಕಿ ಜೋಡಿಸಿದ ಹಬ್ಬ ಇದು. ಅದರ ನಡುಭಾಗವನ್ನೇ ಕತ್ತರಿಸಿ ತೆಗೆದು, ಹೊರಗಿನ ಅಲಂಕಾರ ಉಳಿಸಿಕೊಂಡಿದ್ದೀವಿ.

ಇನ್ನು ನಮ್ಮವ್ವ ಹೇಳ್ತಿದ್ದ ಕತೆ. ಅದು ಬೈಬಲಿನದ್ದಲ್ಲ, ಎರಡನೇ ಶತಮಾನದಲ್ಲಿ ಯಾಕೋಬನ ಹೆಸರಿನಲ್ಲಿ ಬಂದ ಒಂದು ಹಳೆಯ ಗ್ರಂಥದ್ದು. ಸಭೆ ಅದನ್ನು ಶ್ರೀಗ್ರಂಥ ಅಂತ ಒಪ್ಪಿಲ್ಲ. ಆದರೆ ಅನ್ನಮ್ಮ-ಜೋಕಿಂ ಅನ್ನೋ ಹೆಸರು ನಮಗೆ ಸಿಕ್ಕಿದ್ದೇ ಅಲ್ಲಿಂದ, ಜುಲೈ 26ಕ್ಕೆ ಅವರ ಹಬ್ಬವನ್ನೂ ಮಾಡ್ತೀವಿ. ಈ ಗ್ರಂಥ ಅಂತ ಒಂದಿದೆ ಅಂತಲೇ ಗೊತ್ತಿಲ್ಲದ ನಮ್ಮವ್ವನಿಗೆ ಕತೆ ಮಾತ್ರ ಪೂರ್ತಿ ಗೊತ್ತಿತ್ತು. ಅದು ಶುರುವಾಗೋದು ಹೇಗೆ ಗೊತ್ತಾ? ಹಬ್ಬದ ದಿನ ಜೋಕಿಮಪ್ಪ ಕಾಣಿಕೆ ಹಿಡಿದು ದೇವಾಲಯಕ್ಕೆ ಬರ್ತಾನೆ. ಸಾಲಿನಲ್ಲಿದ್ದ ಒಬ್ಬ ದೊಡ್ಡ ಮನುಷ್ಯ ಎದುರು ನಿಂತು, ಮಕ್ಕಳಿಲ್ಲದ ನೀನು ಮೊದಲು ಕಾಣಿಕೆ ಕೊಡಕೂಡದು ಅಂತ ತಡೀತಾನೆ. ಜೋಕಿಮಪ್ಪ ಹೋಗಿ ಹನ್ನೆರಡು ಕುಲಗಳ ವಂಶಾವಳಿಯ ದಾಖಲೆ ಎಲ್ಲ ತಡಕಾಡ್ತಾನೆ, ನನ್ನಂಥವನು ಇನ್ನೊಬ್ಬ ಇದ್ದಾನಾ ಅಂತ. ಸಿಗಲ್ಲ. ಅವಮಾನ ತಡೆಯದೆ ಮನೆಗೂ ಹೋಗದೆ ಬೆಂಗಾಡಿಗೆ ಹೋಗಿ ನಲವತ್ತು ದಿನ ಉಪವಾಸ ಕೂರ್ತಾನೆ. ಇತ್ತ ಅನ್ನಮ್ಮನಿಗೆ ಮನೆಯ ಆಳು ಹೆಂಗಸೂ ಚುಚ್ಚಿ ಮಾತಾಡ್ತಾಳೆ. ಅವಳು ತೋಟಕ್ಕೆ ಹೋಗಿ ಮರದಲ್ಲಿ ಗುಬ್ಬಚ್ಚಿ ಗೂಡು ನೋಡಿ, ಈ ಹಕ್ಕಿಗಿರೋ ಭಾಗ್ಯವೂ ನನಗಿಲ್ಲವಲ್ಲ ಅಂತ ಅಳ್ತಾಳೆ. ಇಲ್ಲಿಗೆ ಬಂದಾಗ ನಮ್ಮವ್ವನ ದನಿ ನಿಂತುಬಿಡೋದು. ಯಾಕೆ ಅಂತ ನನಗೆ ತಡವಾಗಿ ಗೊತ್ತಾಯಿತು, ಮದುವೆಯಾಗಿ ಒಂಬತ್ತು ವರ್ಷ ಅವಳಿಗೂ ಮಕ್ಕಳಿರಲಿಲ್ಲವಂತೆ. ಆಮೇಲೆ ದೇವದೂತ ಬರೋದು, ಊರಬಾಗಿಲಲ್ಲಿ ಅನ್ನಮ್ಮ ಓಡಿಹೋಗಿ ಗಂಡನ ಕೊರಳಿಗೆ ಬೀಳೋದು, ಮಗು ಹುಟ್ಟೋದು.

ಅಂದರೆ, ಸೆಪ್ಟೆಂಬರ್ 8ಕ್ಕೆ ನಾವು ಯಾರ ಹುಟ್ಟುಹಬ್ಬ ಮಾಡ್ತೀವೋ ಅವಳ ಕತೆಯ ಮೊದಲ ಪುಟವೇ ಸಾಲಿನಿಂದ ಕಾಣಿಕೆ ಹಿಂದಕ್ಕೆ ಕಳಿಸಿದ್ದು. ಹಾಗೆ ಕಳಿಸಿದೋರ ಪಾತ್ರವನ್ನು ನಾವು ಚಾಚೂ ತಪ್ಪದೆ ಆಡಿ ತೋರಿಸಿದೆವು. ಹೂವು ಒಂದು ತಟ್ಟೆಯಲ್ಲಿ, ಮಗು ಹಿಂದಿನ ಬೆಂಚಿನಲ್ಲಿ, ಮುಂದೆ ತೊಟ್ಟಿಲಿನಲ್ಲಿ ಜೋಕಿಮಪ್ಪನ ಮಗಳು!

ಸಂತ ಅಂದ್ರೆಯ ಅಂತ ಒಬ್ಬರಿದ್ದಾರೆ, ಕ್ರೀಟ್ ದ್ವೀಪದಲ್ಲಿ ಬಿಷಪರಾಗಿದ್ದವರು, ಹುಟ್ಟೂರು ದಮಾಸ್ಕಸ್. ಏಳು ವರ್ಷದ ತನಕ ಅವರಿಗೆ ಮಾತೇ ಬರುತ್ತಿರಲಿಲ್ಲ, ಪರಮಪ್ರಸಾದ ತೆಗೆದುಕೊಂಡ ಮೇಲೆ ನಾಲಿಗೆ ಬಿಚ್ಚಿತು ಅಂತ ಐತಿಹ್ಯ. ಗುರುಗಳು, ಕನ್ಯಾಸ್ತ್ರೀಯರು ದಿನಾ ಹೇಳೋ ಪ್ರಾರ್ಥನಾ ಪುಸ್ತಕದಲ್ಲಿ ಈ ಹಬ್ಬದ ದಿನಕ್ಕೆ ಇಟ್ಟಿರೋ ವಾಚನ ಅವರದ್ದೇ ಉಪದೇಶ. ಹಳೆಯ ನಿಯಮ ಮುಗಿದು ಕೃಪೆ ಶುರುವಾಗೋ ಗಡಿಕಲ್ಲು ಈ ಹಬ್ಬ ಅನ್ನೋದು ಅದರ ಸಾರ. ಅದೇ ಊರಿನ ಇನ್ನೊಬ್ಬ ಸಂತ, ದಮಾಸ್ಕಸಿನ ಯೊವಾನ್ನ, ಈ ಹಬ್ಬಕ್ಕೆ ಉಪದೇಶ ಬರೆದು ಮಕ್ಕಳಿಲ್ಲದೆ ಅವಮಾನ ಉಂಡ ಆ ದಂಪತಿಗೆ ಇಡೀ ಸೃಷ್ಟಿಯೇ ಋಣಿ ಅನ್ನೋ ಅರ್ಥದಲ್ಲಿ ಹೊಗಳಿದರು. ಗುರುಗಳೇ, ಅವತ್ತು ಬೆಳಿಗ್ಗೆ ನೀವು ಅಂದ್ರೆಯರ ಆ ಉಪದೇಶ ಓದಿಯೇ ಬಲಿಪೀಠಕ್ಕೆ ಬಂದಿರ್ತೀರಿ. ನಮಗೂ ಒಂದು ತುತ್ತು ಕೊಡಬಹುದಿತ್ತು. ಅದರ ಬದಲು ಪ್ರಬೋಧನೆಯಲ್ಲಿ ಬಂದದ್ದು ಏನು? ಮರಿಯಮ್ಮ ಎಷ್ಟು ವಿಧೇಯಳು, ನಮ್ಮ ಹೆಣ್ಣುಮಕ್ಕಳೂ ಹಾಗೇ ಇರಬೇಕು, ಮೊಬೈಲ್ ಕಡಿಮೆ ನೋಡಬೇಕು. ಸರಿ, ಮೊಬೈಲ್ ಕಡಿಮೆ ನೋಡೋಣ.

ಅದೇ 2025ರ ಸೆಪ್ಟೆಂಬರ್ 8ರಂದು ಶಿವಾಜಿನಗರದ ಬೆಸಿಲಿಕಾದ ಹಬ್ಬದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಲ್ಲಿನ ಮೆಟ್ರೋ ನಿಲ್ದಾಣಕ್ಕೆ ಸಂತ ಮೇರಿ ಹೆಸರಿಡಲು ಕೇಂದ್ರಕ್ಕೆ ಶಿಫಾರಸು ಮಾಡ್ತೀವಿ ಅಂದರು. ಅದರ ಮೇಲೆ ಪರ ವಿರೋಧ ಎಷ್ಟು ಗಲಾಟೆ ಆಯಿತು ಅಂತ ನೀವೆಲ್ಲ ನೋಡಿದ್ದೀರಿ. ನಮ್ಮ ಧರ್ಮಕೇಂದ್ರದ ವಾಟ್ಸಾಪ್ ಗುಂಪಿನಲ್ಲಿ ಒಂದು ವಾರ ಅದೇ ಚರ್ಚೆ. ನಾನು ಆ ಗಲಾಟೆಗೆ ಹೋಗಲ್ಲ. ಆದರೆ ಅಷ್ಟು ಮೆಸೇಜುಗಳ ನಡುವೆ ಹಿಂದಿನ ಬೆಂಚಿನ ಮಗುವಿನ ಬಗ್ಗೆ ಒಂದು ಸಾಲೂ ಬರಲಿಲ್ಲ. ಮರಿಯಮ್ಮನ ಹೆಸರು ನಿಲ್ದಾಣದ ಮೇಲೆ ಇರಬೇಕೋ ಬೇಡವೋ ಅಂತ ಅಷ್ಟು ಬಡಿದಾಡೋರಿಗೆ, ಅವಳದ್ದೇ ಹಬ್ಬದ ವಾಚನದಿಂದ ಅವಳ ಅಜ್ಜಿ-ಮುತ್ತಜ್ಜಿಯರ ಹೆಸರು ಹಾರಿಸಿದ್ದು ಗೊತ್ತೇ ಆಗಲಿಲ್ಲ.

ಹಬ್ಬ ಮುಗಿದ ಮೂರನೇ ದಿನ ಗುರುಗಳನ್ನು ಹೋಗಿ ಕಂಡೆ. ಒಳ್ಳೆಯವರು, ಕೂರಿಸಿ ಕಾಫಿ ಕೊಟ್ಟರು. ಸಮಿತಿಯೋರು ಹಾಗೆ ಮಾಡಿದ್ದು ನನಗೆ ಗೊತ್ತೇ ಇರಲಿಲ್ಲ ಅಂದರು, ನಂಬ್ತೀನಿ. ಉದ್ದನೆಯ ವಾಚನದ ಬಗ್ಗೆ ಕೇಳಿದ್ದಕ್ಕೆ, "ಅದನ್ನೆಲ್ಲ ಓದಿದರೆ ಮಕ್ಕಳು ಪ್ರಶ್ನೆ ಕೇಳ್ತಾರೆ, ತಾಮಾರ ಯಾರು, ರಾಹಾಬ ಯಾರು ಅಂತ. ಏನು ಹೇಳೋದು?" ಅಂದರು. ಕೇಳಲಿ ಫಾದರ್, ಕೇಳಲಿ ಅಂತಲೇ ಅಲ್ಲವಾ ಅದನ್ನು ಬರೆದದ್ದು ಅಂದೆ. ನೋಡೋಣ ಅಂದರು.

ಆಮೇಲೆ ಆ ತಾಯಿಯ ಮನೆಗೆ ಹೋದೆ. ಅದಕ್ಕೆ ಇನ್ನೂ ಒಂದು ವಾರ ಬೇಕಾಯಿತು, ಕಾಲು ಬರಲಿಲ್ಲ. ಅವಳು ಮಿಷನ್ ತುಳೀತಿದ್ದಳು, ಮಗು ಕೆಳಗೆ ಕೂತು ಹೋಂವರ್ಕ್ ಮಾಡ್ತಿತ್ತು. ತಪ್ಪಾಯಿತು ಅಂತ ಹೇಳೋಕೆ ಹೋದವನು ತಾಮಾರ, ರೂತ್ ಅಂತ ಏನೇನೋ ಹೇಳಿದೆ. ತಲೆ ತಗ್ಗಿಸಿಕೊಂಡೇ ಕೇಳಿಸಿಕೊಂಡಳು. ಕೊನೆಗೆ ದಾರ ಕಚ್ಚಿ ಹರಿದು, "ಇದೆಲ್ಲ ನಿಮಗೆ ಮೊದಲೇ ಗೊತ್ತಿತ್ತಾ ಅಣ್ಣ? ಅವತ್ತು ನೀವು ಅಲ್ಲೇ ಇದ್ದಿರಲ್ಲ" ಅಂದಳು. ಉತ್ತರ ಕೊಡೋಕೆ ನನ್ನ ಹತ್ತಿರ ಏನಿತ್ತು? ಈಗ ಅವರಿಬ್ಬರೂ ಭಾನುವಾರ ಎರಡು ಬಸ್ಸು ಬದಲಿಸಿ ಬೇರೆ ದೇವಾಲಯಕ್ಕೆ ಹೋಗ್ತಾರೆ.

ಇದನ್ನು ಓದ್ತಿರೋ ಕಥೋಲಿಕ ಬ್ಲಾಗಿಗರು ಬೆರಳೆಣಿಕೆಯಷ್ಟು ಇದ್ದೀರಿ, ನಿಮ್ಮಲ್ಲಿ ಒಂದು ಕೋರಿಕೆ. ಬರೋ ಹಬ್ಬಕ್ಕೆ ಒಂದು ವಾರ ಮುಂಚೆಯೇ ನಿಮ್ಮ ಗುರುಗಳ ಹತ್ತಿರ ಹೋಗಿ ಉದ್ದನೆಯದ್ದನ್ನು ಓದಿ ಅಂತ ಕೇಳಿ. ಪೂಜೆಯಲ್ಲಿ ಶುಭಸಂದೇಶ ಓದೋದು ಗುರುಗಳದ್ದೋ ಡೀಕನ್‌ರದ್ದೋ ಕೆಲಸ, ನಮ್ಮಂಥೋರು ಓದುವಂತಿಲ್ಲ, ಹಾಗಾಗಿ ಕೇಳಲೇಬೇಕು. ನಾನು ನಮ್ಮಲ್ಲಿ ಮೊದಲ ವಾಚನಕ್ಕೆ ಹೆಸರು ಕೊಟ್ಟಿದ್ದೀನಿ, ಮೀಕನ ಭಾಗ. ಓದಿ ಮುಗಿಸಿ ವಾಚನ ಗ್ರಂಥವನ್ನು ಮತ್ತಾಯನ ಪುಟಕ್ಕೆ ತಿರುಗಿಸಿಟ್ಟು ಬರ್ತೀನಿ. ಎರಡೂ ರೂಪ ಅಲ್ಲೇ ಅಚ್ಚಾಗಿವೆ, ಉದ್ದನೆಯದ್ದೇ ಮೊದಲು.